ಇಮೇಲ್ ಮೊದಲು, ವಾಯ್ಸ್‌ಮೇಲ್ ಕೊನೆಗೆ: ಎರಡು ಡೊಮೇನ್ ಒಂದುಗೂಡಿಸಿದ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕಚೇರಿಯೂ ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಕಾರ್ಖಾನೆಯೂ ಇರುವ ಪಂಪ್‌ಸೆಟ್ ಕಂಪನಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಾರ್ಖಾನೆಯನ್ನು ಕಂಪನಿ ಬೇರೊಬ್ಬರಿಂದ ಕೊಂಡದ್ದರಿಂದ ಎರಡೂ ಕಡೆ ಪ್ರತ್ಯೇಕ ಆಕ್ಟಿವ್ ಡೈರೆಕ್ಟರಿ ಫಾರೆಸ್ಟ್ (ಬಳಕೆದಾರರ ಖಾತೆ, ಕಂಪ್ಯೂಟರ್‌ಗಳನ್ನು ನಿರ್ವಹಿಸುವ ಡೊಮೇನ್‌ಗಳ ಗುಂಪು), ಇಮೇಲ್‌ಗೆ ಪ್ರತ್ಯೇಕ ಎಕ್ಸ್‌ಚೇಂಜ್ ಸರ್ವರ್ ಇದ್ದವು. ವಾಯ್ಸ್‌ಮೇಲ್ ಸರ್ವರ್ ಮಾತ್ರ ಒಂದೇ, ಅದೂ ಮಂಡ್ಯದ ಹಳೆಯ ಡೊಮೇನಿಗೆ ಸೇರಿದ್ದು. ಆ ಡೊಮೇನನ್ನು ಮುಚ್ಚಿ ಎಲ್ಲವನ್ನೂ ಮೈಸೂರಿನ ಡೊಮೇನಿಗೆ ತರಬೇಕಿತ್ತು.

ಸಭೆಗಳಲ್ಲಿ ಎಲ್ಲರ ಚಿಂತೆಯೂ ಇಮೇಲ್ ಕುರಿತೇ ಇತ್ತು. ನನಗೆ ಅದರ ಬಗ್ಗೆ ಅಷ್ಟು ಅಂಜಿಕೆ ಇರಲಿಲ್ಲ. ನಮ್ಮ ಸರ್ವರ್ ಕೆಲವು ಗಂಟೆ ನಿಂತರೂ ಕಳುಹಿಸಿದವರ ಸರ್ವರ್ ಆ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸೋತೆನೆಂದು ಕೈಬಿಡುವ ಮುನ್ನ 4–5 ದಿನವಾದರೂ ಕಾಯಬೇಕೆಂದು ಇಮೇಲ್ ಸಾಗಣೆಯ ನಿಯಮಾವಳಿಯಾದ ಎಸ್‌ಎಂಟಿಪಿ ಮಾನದಂಡವೇ ಹೇಳುತ್ತದೆ. ಫೋನ್ ಮಾಡಿದವರು ಹಾಗೆ ಕಾಯುವುದಿಲ್ಲ. ನಮ್ಮ ಸರ್ವಿಸ್ ವಿಭಾಗಕ್ಕೆ ಕರೆ ಮಾಡುವ ರೈತರಲ್ಲಿ ಬಹಳ ಮಂದಿ, ತ್ರೀ ಫೇಸ್ ಕರೆಂಟ್ ಬಂದ ರಾತ್ರಿ ವೇಳೆಯಲ್ಲಿ ಮೋಟಾರ್ ಏಳದಿದ್ದಾಗ ಗದ್ದೆಯಿಂದಲೇ ಮಾತನಾಡುವವರು. ಆ ಹೊತ್ತಿಗೆ ಅವರ ದೂರು ಕೇಳಿಸಿಕೊಳ್ಳುವುದು ವಾಯ್ಸ್‌ಮೇಲ್ ಒಂದೇ.

ಆದ್ದರಿಂದ ಮೊದಲು ಬಳಕೆದಾರರ ಖಾತೆ ಮತ್ತು ಮೇಲ್‌ಬಾಕ್ಸ್‌ಗಳು, ಕೊನೆಗೆ ವಾಯ್ಸ್‌ಮೇಲ್ ಎಂಬ ಕ್ರಮಕ್ಕೆ ಪಟ್ಟು ಹಿಡಿದೆ. ಎರಡು ಫಾರೆಸ್ಟ್‌ಗಳ ನಡುವೆ ಟ್ರಸ್ಟ್ (ಒಂದರ ಖಾತೆಯನ್ನು ಇನ್ನೊಂದು ನಂಬುವ ಏರ್ಪಾಡು) ಏರ್ಪಡಿಸಿ, ಖಾತೆಗಳನ್ನು ಎಡಿಎಂಟಿ ಉಪಕರಣದಿಂದ ಸಾಗಿಸಿದೆವು. ಪ್ರತಿ ಖಾತೆಯ ಜೊತೆ ಹಳೆಯ ಎಸ್‌ಐಡಿಯನ್ನೂ (ಖಾತೆಯನ್ನು ಗುರುತಿಸುವ ಸಂಖ್ಯೆ) ಕೊಂಡೊಯ್ದದ್ದರಿಂದ, ಇನ್ನೂ ಹಳೆಯ ಡೊಮೇನಿನಲ್ಲೇ ಉಳಿದಿದ್ದ ಫೋಲ್ಡರ್‌ಗಳು ಜನರಿಗೆ ಎಂದಿನಂತೆ ತೆರೆದುಕೊಂಡವು. ಇದಕ್ಕೆ ಇಂಥ ಹಳೆಯ ಎಸ್‌ಐಡಿಗಳನ್ನು ತಡೆಯುವ, ಟ್ರಸ್ಟ್‌ನ ಎಸ್‌ಐಡಿ ಫಿಲ್ಟರಿಂಗ್ ಸಡಿಲಿಸಬೇಕು, ಕೆಲಸ ಮುಗಿದೊಡನೆ ಮರಳಿ ಬಿಗಿಗೊಳಿಸಬೇಕು.

ಮೇಲ್‌ಬಾಕ್ಸ್ ಸಾಗಿಸುವವರು ಎಕ್ಸ್500 ವಿಳಾಸವನ್ನು ಅಲಕ್ಷಿಸಬಾರದು. ಒಂದೇ ಕಂಪನಿಯೊಳಗಿನ ಹಳೆಯ ಪತ್ರಕ್ಕೆ ಉತ್ತರಿಸುವಾಗ ಔಟ್‌ಲುಕ್ ನೋಡುವುದು ನಮಗೆ ಕಾಣುವ ಇಮೇಲ್ ವಿಳಾಸವನ್ನಲ್ಲ, ಹಳೆಯ ಎಕ್ಸ್‌ಚೇಂಜಿನ ಒಳಗಿನ ಹೆಸರನ್ನು. ಆ ಹೆಸರನ್ನು ಹೊಸ ಮೇಲ್‌ಬಾಕ್ಸ್‌ಗೆ ಎಕ್ಸ್500 ವಿಳಾಸವಾಗಿ ಸೇರಿಸದಿದ್ದರೆ, ಪಕ್ಕದ ಮೇಜಿನವರಿಗೆ ಬರೆದ ಉತ್ತರವೂ ವಿಳಾಸ ಸಿಗಲಿಲ್ಲವೆಂದು ಹಿಂದಿರುಗುತ್ತದೆ. ಪತ್ರಗಳು ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು (ಹೊರಗಿನ ಸರ್ವರ್‌ಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) ಮುಂಚಿತವಾಗಿಯೇ 86400 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಮಾಮೂಲಿ ಕೆಲಸ.

ಈ ಅವಧಿಯಲ್ಲಿ ವಾಯ್ಸ್‌ಮೇಲ್ ಸರ್ವರ್‌ಗೆ ಯಾರ ಮೇಲ್‌ಬಾಕ್ಸ್ ಎಲ್ಲಿದೆ ಎಂದು ತಿಳಿಯುವ ಅಗತ್ಯವೇ ಬರದಂತೆ ನೋಡಿಕೊಂಡೆವು. ಅದು ಧ್ವನಿಸಂದೇಶದ ಪ್ರತಿಯನ್ನು ಎಂದಿನಂತೆ ಹಳೆಯ ಎಕ್ಸ್‌ಚೇಂಜ್‌ಗೆ ಕೊಡುತ್ತಿತ್ತು. ಮೇಲ್‌ಬಾಕ್ಸ್ ಸ್ಥಳಾಂತರಗೊಂಡವರ ಪ್ರತಿಯನ್ನು ಅಲ್ಲಿಂದ ಮೈಸೂರಿಗೆ ರವಾನಿಸುವ ವ್ಯವಸ್ಥೆ ಇತ್ತು.

ಕೊನೆಯ ಬದಲಾವಣೆಗೆ, ಅಂದರೆ ವಾಯ್ಸ್‌ಮೇಲ್ ಸಾಗಣೆಗೆ, ದಿನ ಗೊತ್ತುಪಡಿಸುವಾಗ ಚರ್ಚೆಯೇ ನಡೆಯಿತು. ವಿಜಯದಶಮಿಗೆ ಕಚೇರಿ ರಜೆ ಎಂದು ಒಬ್ಬರು ಸೂಚಿಸಿದರು. ಆಯುಧಪೂಜೆಯ ಕುಂಕುಮ ಆರುವ ಮೊದಲೇ ಸರ್ವರ್ ಬಿಚ್ಚುವುದು ಹೇಗೂ ಇರಲಿ, ಜಂಬೂಸವಾರಿಯ ಜನಸಂದಣಿ ದಾಟಿ ತುರ್ತಾಗಿ ಗೆಜ್ಜಲಗೆರೆಗೆ ಹೋಗುವುದು ಯಾರಿಂದಾಗುತ್ತದೆ? ಇಂಥ ಕೆಲಸಕ್ಕೆ ನಡುರಾತ್ರಿಯೇ ಸರಿ ಎಂಬುದು ಇನ್ನೊಬ್ಬರ ವಾದ. ನಮ್ಮ ಮಟ್ಟಿಗೆ ಅದೇ ಅತಿ ಕೆಟ್ಟ ಹೊತ್ತು. ಕರೆಗಳನ್ನು ನೇರವಾಗಿ ಎತ್ತಿಕೊಳ್ಳಲು ಆಪರೇಟರ್‌ಗಳು ಇರುವ ಹಗಲನ್ನೇ ಆರಿಸಿಕೊಂಡೆವು.

ಹಳೆಯ ಸಂದೇಶಗಳ ಗಾತ್ರ ತೊಡಕಾಗಲಿಲ್ಲ, ಧ್ವನಿಯನ್ನು ಡಿಜಿಟಲ್ ಆಗಿಸುವ ಜಿ.711 ವಿಧಾನದಲ್ಲಿ ಒಂದು ನಿಮಿಷದ ಧ್ವನಿ ಅರ್ಧ ಎಂಬಿಗಿಂತ ಕಡಿಮೆ. ಸ್ವಾಗತ ಸಂದೇಶಗಳೂ ಹಾಗೆಯೇ ಬಂದವು, ಪಿನ್‌ಗಳು ಬರಲಿಲ್ಲ. ಹೊಸ ಪಿನ್ ಕೊಟ್ಟು, ಮೊದಲ ಕರೆಯಲ್ಲೇ ಬದಲಿಸುವಂತೆ ಮಾಡಿದೆವು. ಹಿರಿಯ ಆಪರೇಟರ್ ಒಬ್ಬರು, "ಸಾರ್, ಫೋನಿನ ಕೆಂಪು ದೀಪ ಹತ್ತದೇ ಇದ್ದರೆ ಮೆಸೇಜ್ ಬಂದಿದೆ ಅಂತ ಯಾರೂ ನೋಡೋದೇ ಇಲ್ಲ" ಎಂದು ಮೊದಲೇ ಎಚ್ಚರಿಸಿದ್ದರು. ಮೇಲ್‌ಬಾಕ್ಸ್‌ನಲ್ಲಿ ಸಂದೇಶ ಇದ್ದರೂ ದೀಪದ ಸ್ಥಿತಿ ತಾನಾಗಿ ಹೊಸ ಸರ್ವರ್‌ಗೆ ಬಂದಿರಲಿಲ್ಲ. ಎಲ್ಲ ಎಕ್ಸ್‌ಟೆನ್ಶನ್‌ಗಳ ದೀಪವನ್ನೂ ಒಮ್ಮೆ ಮರುಹೊಂದಿಸಬೇಕಾಯಿತು.

ಹಳೆಯ ಮೇಲ್ ಸರ್ವರನ್ನು ಕೂಡಲೇ ನಿಲ್ಲಿಸಲಿಲ್ಲ. ಅದರ ಲಾಗ್ ನೋಡಿದಾಗ ಸ್ಟೋರ್ಸ್ ವಿಭಾಗದ ಸ್ಕ್ಯಾನರ್ ಇನ್ನೂ ಅದರ ಐಪಿ ವಿಳಾಸಕ್ಕೇ ಪತ್ರ ಕಳುಹಿಸುತ್ತಿರುವುದು ಕಂಡಿತು. ಅದನ್ನು ಮೈಸೂರಿನ ಸರ್ವರ್‌ಗೆ ತಿರುಗಿಸಿ, ಲಾಗ್ ಖಾಲಿ ಉಳಿದದ್ದನ್ನು ಖಚಿತಪಡಿಸಿಕೊಂಡ ಮೇಲೆ ಎಕ್ಸ್‌ಚೇಂಜನ್ನು ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿ, ಕಡೆಯಲ್ಲಿ ಟ್ರಸ್ಟ್ ತೆಗೆದೆವು.