ಪಾರ್ಥಿಯನ್ ಹೂಜಿ ಕೊಳ್ಳುವ ಮುಂಚೆ ಕಾಗದ ಕೇಳಿ

ಪಾರ್ಥಿಯನ್ನರು ಕ್ರಿ.ಪೂ. 247ರಿಂದ ಕ್ರಿ.ಶ. 224ರವರೆಗೆ ಇರಾನ್, ಇರಾಕ್ ಕಡೆ ಆಳಿದವರು. ಅವರ ಕಾಲದ ಹಸಿರು-ನೀಲಿ ಗ್ಲೇಜ್‌ನ (ಗಾಜಿನಂಥ ಹೊಳಪು ಲೇಪದ) ಹೂಜಿಗಳು ಈಗಲೂ ಹರಾಜಿಗೆ ಬರುತ್ತವೆ. ನೋಡಿದರೆ ಬಿಡೋಕೆ ಮನಸ್ಸು ಬರಲ್ಲ, ನಿಜ. ಆದರೂ ಮೊದಲು ಕಾಗದಪತ್ರ ಕೇಳಿ.

ಅದು ತನ್ನ ದೇಶ ಬಿಟ್ಟು ಬಂದದ್ದು ಯಾವಾಗ, ಯಾರ್ಯಾರ ಕೈ ದಾಟಿ ಬಂತು? ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ 1970ರ ಯುನೆಸ್ಕೊ ಒಪ್ಪಂದಕ್ಕೂ ಮುಂಚಿನ ರಸೀದಿಯೋ ಹರಾಜಿನ ಕ್ಯಾಟಲಾಗೋ ಇದ್ದರೆ ಒಳ್ಳೆಯದು. 1990ರ ಆಗಸ್ಟ್ 6ರ ನಂತರ ಇರಾಕ್‌ನಿಂದ ಅಕ್ರಮವಾಗಿ ಸಾಗಿಸಿದ ಪುರಾತನ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರಲ್ಲಿ ನಿಷೇಧಿಸಿದೆ. 'ಹಳೇ ಯುರೋಪಿಯನ್ ಸಂಗ್ರಹ' ಅಂತ ಸುಮ್ನೆ ಒಂದು ಸಾಲು ಬರೆದುಕೊಟ್ಟರೆ ಒಪ್ಪಬೇಡಿ. ಕೇರಳದ ಪಟ್ಟಣಂ ಉತ್ಖನನದಲ್ಲಿ ಇಂಥದೇ ಗ್ಲೇಜ್‌ನ ಚೂರುಗಳು ಸಿಕ್ಕಿವೆ. ಸಿಕ್ಕ ಜಾಗ ಗೊತ್ತಿರುವುದರಿಂದಲೇ ಆ ಚೂರುಗಳು ಕಡಲ ವ್ಯಾಪಾರದ ಕಥೆ ಹೇಳುತ್ತವೆ. ಕಳ್ಳರು ಅಗೆದು ತಂದ ಇಡೀ ಹೂಜಿಗೂ ಆ ಮಾತು ಹೇಳೋಕಾಗಲ್ಲ, ಅಲ್ವಾ?

ಕಾಗದ ಸರಿಯಿದ್ದರೆ ಹೂಜಿ ನೋಡಿ. ಗ್ಲೇಜ್ ಕೆಳಗಿನ ಮಣ್ಣು ಸಾಮಾನ್ಯವಾಗಿ ತೆಳು ಹಳದಿ. ಗ್ಲೇಜ್ ಕ್ಷಾರದ್ದು, ಹಸಿರು-ನೀಲಿ ಬಂದದ್ದು ತಾಮ್ರದಿಂದ. ಶತಮಾನಗಟ್ಟಲೆ ನೆಲದಡಿ ಇದ್ದು ಗ್ಲೇಜ್ ಪದರ ಪದರವಾಗಿ ಸವೆದಿರುತ್ತದೆ, ಹಾಗಾಗಿ ಕೆಲವು ಕಡೆ ಬೆಳ್ಳಿಯಂತೆ, ಬಂಗಾರದಂತೆ ಮಿನುಗುತ್ತದೆ. ಅದು ಕೊಳೆಯಲ್ಲ, ದಯವಿಟ್ಟು ಉಜ್ಜಬೇಡಿ! ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಹೊಸದಾಗಿ ಬಳಿದ ಬಣ್ಣ, ಅಂಟಿಸಿದ ಗೆರೆ ಎಷ್ಟೋ ಸಲ ಬೇರೆಯಾಗಿ ಹೊಳೆಯುತ್ತವೆ. ಅಂಟಿಸಿದ್ದು ದೋಷವಲ್ಲ, ಮುಚ್ಚಿಟ್ಟು ಮಾರುವುದು ದೋಷ.

ಮನೆಗೆ ತಂದ ಮೇಲೆ ದೊಡ್ಡ ಶತ್ರು ಉಪ್ಪು. ನೆಲದಲ್ಲಿದ್ದಾಗ ಹೀರಿಕೊಂಡ ಉಪ್ಪು ಒಳಗೇ ಇರುತ್ತದೆ. ಗಾಳಿಯ ತೇವ ಏರಿದಾಗ ಕರಗಿ, ಇಳಿದಾಗ ಹರಳುಗಟ್ಟಿ, ಗ್ಲೇಜನ್ನೇ ಒಳಗಿನಿಂದ ತಳ್ಳಿ ಉದುರಿಸುತ್ತದೆ. ಬಿಳಿ ಪುಡಿ ಕಂಡರೆ ನೀವೇ ತೊಳೆಯೋಕೆ ಹೋಗದೆ ಸಂರಕ್ಷಣಾ ತಜ್ಞರಿಗೆ ತೋರಿಸಿ.

ಇಡಲು ಗಾಜು ಮತ್ತು ಪೌಡರ್ ಕೋಟಿಂಗ್ ಮಾಡಿದ ಲೋಹದ ಮುಚ್ಚಿದ ಕಪಾಟು ಒಳ್ಳೆಯದು. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಅವು ಬಿಡುವ ಆಮ್ಲದ ಆವಿ ಒಳಗಿನ ಉಪ್ಪಿನ ಜೊತೆ ಸೇರಿ ಕಾಟ ಜಾಸ್ತಿ ಮಾಡುತ್ತದೆ. ಎಸಿ ಗಾಳಿ, ಕಿಟಕಿ ಬಿಸಿಲು ನೇರ ಬೀಳದಿರಲಿ. ಎತ್ತುವಾಗ ಹೂಜಿಯ ಹಿಡಿಕೆ ಹಿಡಿಯಬೇಡಿ, ಎರಡೂ ಕೈಯಲ್ಲಿ ತಳ ಹಿಡಿಯಿರಿ.

ಕೊನೆಗೆ ಲೇಬಲ್. ಸಿಕ್ಕ ಜಾಗ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಿರಿ, ಊಹಿಸಿ ಸೆಲ್ಯೂಸಿಯಾ (ಇರಾಕ್‌ನ ಆ ಕಾಲದ ನಗರ) ಅಂತ ಹಾಕಬೇಡಿ. ರಸೀದಿ, ಫೋಟೊ, ರಿಪೇರಿಯ ವಿವರ ಎಲ್ಲ ಒಂದೇ ಫೈಲ್‌ನಲ್ಲಿಡಿ, ಹೂಜಿ ಮುಂದೆ ಯಾರ ಕೈಗೆ ಹೋದರೂ ಫೈಲ್ ಜೊತೆಗೇ ಹೋಗಲಿ.