ಕೊನೆ ಸಾಲಿಗೂ ಕೇಳುವ ದನಿ

ಕಂಪನಿ ನಾಟಕಗಳಲ್ಲಿ ನನಗೆ ಸಿಗುತ್ತಿದ್ದದ್ದು ಗಟ್ಟಿಗಿತ್ತಿಯರ ಪಾತ್ರವೇ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಕಲಬುರಗಿಯಲ್ಲಿ ಕ್ಯಾಂಪ್ ಹಾಕಿದರೆ ದಿನಕ್ಕೆ ಎರಡು ಆಟ. ಖಳನಾಯಕನ ಕಪಾಳಕ್ಕೆ ಬಾರಿಸಿದಾಗ ಸೀಟಿಯೋ ಸೀಟಿ. ಮಗಳ ಶಾಲೆ ಶುರುವಾಗಿ ಊರೂರು ತಿರುಗುವುದು ನಿಂತಿತು. ಆಮೇಲೆ ಕರಾಟೆ ಕಲಿತೆ. ಈಗ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಹೇಳಿಕೊಡುತ್ತೇನೆ.

ನಟಿಗೆ ಇದೆಲ್ಲ ಸಲೀಸು ಅಂದುಕೊಳ್ಳುತ್ತಾರೆ ಜನ. ಅರ್ಧ ಮಾತ್ರ ನಿಜ. ರಂಗದ ಮೇಲಿನ ಹೊಡೆತಕ್ಕೆ ಇಬ್ಬರ ಒಪ್ಪಿಗೆಯೂ ಇರುತ್ತದೆ. ಕೊನೆ ಸಾಲಿನವರಿಗೂ ಕಾಣುವಂತೆ ಕೈ ಬೀಸಿ ಎತ್ತಬೇಕು, ಕೆನ್ನೆಗೆ ಮಾತ್ರ ತಾಗಬಾರದು. ಬೀದಿಯಲ್ಲಿ ಎಲ್ಲ ಉಲ್ಟಾ. ಕೈ ಎತ್ತಿದ್ದೇ ಎದುರಿನವನಿಗೆ ಗೊತ್ತಾಗಬಾರದು. ಮುಷ್ಟಿ ಬೇಡ ಅನ್ನುತ್ತೇನೆ, ಅಭ್ಯಾಸ ಇಲ್ಲದವರು ಗುದ್ದಿದರೆ ಅವರದೇ ಬೆರಳು ಮುರಿದೀತು. ಅಂಗೈ ಬುಡದಿಂದ ಮೂಗಿಗೆ, ಮೊಣಕೈಯಿಂದ ಪಕ್ಕೆಗೆ, ಹಿಮ್ಮಡಿಯಿಂದ ಪಾದಕ್ಕೆ. ಅಷ್ಟಾದ ಮೇಲೆ ಓಟ. ನಮ್ಮಂಥ ನಾಟಕದವರಿಗೆ ಆ ಓಟವೇ ಕಷ್ಟ. ಡೈಲಾಗ್ ಹೊಡೆಯದೆ ಸ್ಟೇಜ್ ಬಿಟ್ಟು ಅಭ್ಯಾಸ ಇಲ್ಲ ನೋಡಿ!

ರಂಗಭೂಮಿಯಿಂದ ನಿಜವಾಗಿ ಉಪಯೋಗಕ್ಕೆ ಬಂದದ್ದು ದನಿ. ಕೂಗು ಅಂದರೆ ಹುಡುಗಿಯರು ಗಂಟಲಿನಿಂದ ಕೀರಲುತ್ತಾರೆ, ಇಲ್ಲವೆ ಮುಖ ಮುಚ್ಚಿಕೊಂಡು ನಗುತ್ತಾರೆ. ಹೊಟ್ಟೆ ಮೇಲೆ ಕೈ ಇಡಿಸಿ ಉಸಿರು ಕೆಳಗಿಳಿಸುತ್ತೇನೆ. ದನಿ ದಪ್ಪಗಾಗುತ್ತದೆ. ಮಾತು ಚಿಕ್ಕದಿರಬೇಕು, ಯಾರು, ಏನು ಮಾಡುತ್ತಿದ್ದಾರೆ ಅನ್ನುವುದು ಸುತ್ತಲಿನವರಿಗೂ ತಿಳಿಯಬೇಕು. "ನೀಲಿ ಅಂಗಿ ಅಣ್ಣಾರ, ಕೈ ತಗೀರಿ!" 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳು ಬಸ್ಸಿಗೆ ಟಿಕೆಟ್ ದುಡ್ಡು ಕೊಡಬೇಕಿಲ್ಲ. ಆಳಂದ, ಸೇಡಂ ಕಡೆಯಿಂದ ನಿಂತುಕೊಂಡೇ ಬರುವ ಹುಡುಗಿಯರು ನನ್ನ ಕ್ಲಾಸಿನಲ್ಲಿದ್ದಾರೆ. ಹಾಗಾಗಿ ಬಸ್ಸಿನ ಪಾಠ ಮೊದಲು.

ಬಸ್ಸಿನವನು ಅಪರಿಚಿತ, ಅವನಿಗೆ ಬೈಯಬಹುದು. ಮನೆಗೆ ಬರುವ ಕಾಕಾನಿಗೆ? ನಿಜವಾದ ತೊಡಕು ಇಲ್ಲೇ ಇರುವುದು. ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಜಾಸ್ತಿ ಮಂದಿ ಗೊತ್ತಿದ್ದವರೇ. ಅದಕ್ಕೇ ಎರಡು ಕುರ್ಚಿ ಹಾಕಿ ಸೀನ್ ಮಾಡಿಸುತ್ತೇನೆ. ಕಾಕಾ ನಾನೇ. ಪಕ್ಕಕ್ಕೆ ಸರಿದು ಕೂತು, "ಯಾಕವ್ವಾ, ನಾ ನಿಮ್ಮಪ್ಪನ ದೋಸ್ತ ಇದ್ದೀನಿ" ಅನ್ನುತ್ತೇನೆ. ಹೊಡೆತದಲ್ಲಿ ಚುರುಕಾಗಿದ್ದ ಹುಡುಗಿಯೂ ಇಲ್ಲಿ ತಲೆ ತಗ್ಗಿಸಿಬಿಡುತ್ತಾಳೆ. ಮತ್ತೆ ಮಾಡು ಅನ್ನುತ್ತೇನೆ. ಎದ್ದು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಗದೆ ಹೇಳಬೇಕು: "ಕಾಕಾ, ದೂರ ಕೂಡ್ರಿ." ಬಹುವಚನ ಇರಲಿ, ಪರವಾಗಿಲ್ಲ. ಕ್ಷಮೆ ಮಾತ್ರ ಕೇಳಬಾರದು. ಅಲ್ಲಿಂದ ನೇರ ಹೋಗಿ ನಂಬಿಕೆಯವರಿಗೆ ಹೇಳುವುದೂ ಸೀನಿನ ಭಾಗವೇ.

ಇದು ಸುಮ್ನೆ ನಾಟಕದವಳ ಹುಚ್ಚಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪರಿಚಿತರನ್ನು ಎದುರಿಸುವುದಕ್ಕೇ ಒತ್ತು ಕೊಟ್ಟ ಒಟ್ಟು 12 ಗಂಟೆಯ ತರಬೇತಿ ಅದು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ತರಬೇತಿ ಪಡೆದವರಲ್ಲಿ ಶೇ. 5.2, ಪಡೆಯದವರಲ್ಲಿ ಶೇ. 9.8.

ತಾಯಂದಿರ ಪ್ರಶ್ನೆ ಬೇರೆ: "ಹೊಡದ್ರ ನಮ್ಮ ಮ್ಯಾಲೇ ಕೇಸ್ ಬೀಳ್ತದೇನ್ರಿ?" 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ. ಅವನು ಓಡಿಹೋಗುವಾಗ ಬೆನ್ನಟ್ಟಿ ಬಾರಿಸುವಂತಿಲ್ಲ. ತಪ್ಪಿಸಿಕೊಂಡ ಕೂಡಲೇ ಜನ ಇರುವ ಅಂಗಡಿಯೊಳಗೆ ಹೋಗಿ 112ಕ್ಕೆ ಫೋನ್ ಮಾಡಿ ಅನ್ನುತ್ತೇನೆ.