ಲಿನಕ್ಸ್ ಲಾಗಿನ್ ಆಗ್ತಿಲ್ವಾ? ಪಾಸ್‌ವರ್ಡ್ ರೀಸೆಟ್ ಮಾಡೋಕ್ಮುಂಚೆ ಇದನ್ನ ಓದಿ

ಪಾಸ್‌ವರ್ಡ್ ಹೊಡೀತೀರ, ಸ್ಕ್ರೀನ್ ಒಂದ್ಸಲ ಕಪ್ಪಾಗತ್ತೆ, ತಿರುಗಾ ಅದೇ ಲಾಗಿನ್ ಪೇಜ್. ಪಾಸ್‌ವರ್ಡ್ ತಪ್ಪು ಅಂತಾನೂ ಹೇಳಲ್ಲ, ಒಳಗೂ ಬಿಡಲ್ಲ. ಉಬುಂಟು, ಮಿಂಟ್ ಬಳಸೋರಿಗೆ ಇದು ಹಳೇ ಕಾಟ. ಎನ್‌ಕ್ರಿಪ್ಟ್ (ಕೀ ಇಲ್ದೆ ಓದೋಕಾಗದ ಹಾಗೆ ಬೀಗ ಹಾಕೋದು) ಮಾಡಿರದ ಡಿಸ್ಕ್ ಆದ್ರೆ ಯೋಚನೆ ಇಲ್ಲ, ಬಿಚ್ಚಿ ಬೇರೆ ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿದ್ರೆ ಫೈಲೆಲ್ಲಾ ಕಾಣತ್ತೆ. ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಟ್ ಅನ್ನೋ ಬಾಕ್ಸಿಗೆ ಟಿಕ್ ಹಾಕಿದ್ದಿದ್ರೆ ಮಾತ್ರ ಸ್ವಲ್ಪ ನಿಧಾನಿಸಬೇಕು, ಯಾಕಂದ್ರೆ ಆಫೀಸಲ್ಲಿ ಪಕ್ಕದ ಸೀಟಿನೋನು ಹೇಳೋ ಮೊದಲನೇ ಸಲಹೆ ಇರತ್ತಲ್ಲ, "ರಿಕವರಿ ಮೋಡಿಗೆ ಹೋಗಿ ಪಾಸ್‌ವರ್ಡ್ ಚೇಂಜ್ ಮಾಡು ಮಗಾ" ಅಂತ, ಅದೇ ಇಲ್ಲಿ ಕೈಕೊಡೋದು.

ಮೊದಲು ಯಾವ ಬೀಗ ಅಂತ ಗುರುತಿಸಿ

ಎರಡು ಥರ ಇದೆ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ, ಲಾಗಿನ್ ಪೇಜ್ ಬರೋಕ್ಕೂ ಮುಂಚೇನೇ ಒಂದು ಪಾಸ್‌ಫ್ರೇಸ್ ಕೇಳತ್ತೆ ಅಂದ್ರೆ ಅದು ಲಕ್ಸ್, ಡಿಸ್ಕಿಗೇ ಹಾಕಿರೋ ಬೀಗ. ಹಾಗೆ ಏನೂ ಕೇಳದೆ ನೇರ ಲಾಗಿನ್ ಪೇಜಿಗೆ ಬಂದು, ನಿಮ್ಮ ಹೋಮ್ ಫೋಲ್ಡರ್ ಮಾತ್ರ ಎನ್‌ಕ್ರಿಪ್ಟ್ ಆಗಿದ್ರೆ ಅದು ಇ-ಕ್ರಿಪ್ಟ್-ಎಫ್‌ಎಸ್. ಈ ಎರಡನೇದನ್ನ ಉಬುಂಟು 2018ರ 18.04 ಆವೃತ್ತಿಯ ಇನ್‌ಸ್ಟಾಲರ್‌ನಿಂದ ತೆಗೆದುಹಾಕ್ತು, ಆದ್ರೆ 16.04 ಹಾಕ್ಕೊಂಡು ಆಮೇಲೆ ಅಪ್‌ಗ್ರೇಡ್ ಮಾಡ್ತಾ ಬಂದೋರ ಲ್ಯಾಪ್‌ಟಾಪಲ್ಲಿ ಹಾಗೇ ಉಳ್ಕೊಂಡಿರತ್ತೆ.

ಲಕ್ಸ್ ಆದ್ರೆ ಸುಲಭ. ಅದರ ಪಾಸ್‌ಫ್ರೇಸಿಗೂ ಲಾಗಿನ್ ಪಾಸ್‌ವರ್ಡಿಗೂ ಸಂಬಂಧ ಇಲ್ಲ, ಲಾಗಿನ್ ಪಾಸ್‌ವರ್ಡ್ ರೀಸೆಟ್ ಮಾಡಿದ್ರೂ ಫೈಲಿಗೆ ಏನೂ ಆಗಲ್ಲ. ಇ-ಕ್ರಿಪ್ಟ್-ಎಫ್‌ಎಸ್‌ನಲ್ಲಿ ಹಾಗಲ್ಲ. ಅಲ್ಲಿ ಫೈಲ್‌ಗಳ ನಿಜವಾದ ಕೀ ಬೇರೇನೇ ಇದೆ, ಇನ್‌ಸ್ಟಾಲ್ ಆಗುವಾಗ ಸಿಸ್ಟಮ್ಮೇ ಹುಟ್ಟಿಸಿದ 32 ಅಕ್ಷರ-ಅಂಕಿಗಳ ಒಂದು ಸಾಲು. ಆ ಸಾಲನ್ನ ನಿಮ್ಮ ಲಾಗಿನ್ ಪಾಸ್‌ವರ್ಡಿಂದ ಬೀಗ ಹಾಕಿ ಒಂದು ಚಿಕ್ಕ ಫೈಲಲ್ಲಿ ಇಟ್ಟಿರತ್ತೆ, ಬೀರು ಕೀನ ಒಂದು ಡಬ್ಬೀಲಿಟ್ಟು ಆ ಡಬ್ಬಿಗೆ ಇನ್ನೊಂದು ಬೀಗ ಹಾಕಿದ ಹಾಗೆ. ನೀವು ಲಾಗಿನ್ ಆಗಿದ್ದಾಗ ಪಾಸ್‌ವರ್ಡ್ ಬದಲಾಯಿಸಿದ್ರೆ ಡಬ್ಬಿ ಬೀಗಾನೂ ಜೊತೇಲೇ ಬದಲಾಗತ್ತೆ. ರಿಕವರಿ ಮೋಡಲ್ಲಿ ರೂಟ್ (ಇಡೀ ಸಿಸ್ಟಮ್ಮಿನ ಯಜಮಾನ ಖಾತೆ) ಆಗಿ ಬದಲಾಯಿಸಿದ್ರೆ ಹಳೇ ಪಾಸ್‌ವರ್ಡ್ ಏನು ಅಂತ ಸಿಸ್ಟಮ್ಮಿಗೆ ಗೊತ್ತಿರಲ್ವಲ್ಲ, ಡಬ್ಬಿ ಹಳೇ ಬೀಗದಲ್ಲೇ ಉಳಿಯತ್ತೆ. ಹೊಸ ಪಾಸ್‌ವರ್ಡಲ್ಲಿ ಲಾಗಿನ್ ಆಗೋಕೆ ಹೋದ್ರೆ ಹೋಮ್ ಫೋಲ್ಡರ್ ಖಾಲಿ, ಒಂದು ರೀಡ್‌ಮಿ ಫೈಲು, ಇನ್ನೊಂದು 'ಆಕ್ಸೆಸ್ ಯುವರ್ ಪ್ರೈವೇಟ್ ಡೇಟಾ' ಅನ್ನೋ ಐಕಾನ್, ಅಷ್ಟೇ. ಫೈಲ್ ಅಳಿಸಿಹೋಯ್ತು ಅಂತ ಎದೆ ಒಡ್ಕೊಳ್ಬೇಡಿ, ಅಳಿಸಿರಲ್ಲ. ಹಳೇ ಪಾಸ್‌ವರ್ಡ್ ನೆನಪಿದ್ರೆ ಟರ್ಮಿನಲಲ್ಲಿ (ಕಮ್ಯಾಂಡ್ ಟೈಪ್ ಮಾಡೋ ಕಿಟಕಿ) ಇಕ್ರಿಪ್ಟ್‌ಎಫ್‌ಎಸ್-ಮೌಂಟ್-ಪ್ರೈವೇಟ್ (ecryptfs-mount-private) ಅಂತ ಕೊಟ್ಟು ಅದನ್ನೇ ಟೈಪ್ ಮಾಡಿ, ತೆರ್ಕೊಳ್ಳತ್ತೆ.

ಒಳಗಿಂದಾನೇ ಒಂದು ಪ್ರಯತ್ನ

ಲಾಗಿನ್ ಪೇಜಲ್ಲೇ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೇಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೇಳತ್ತೆ. ಇಲ್ಲಿ ಒಳಗೆ ಬಿಟ್ಟು, ನಿಮ್ಮ ಫೈಲೂ ಕಾಣ್ತು ಅಂದ್ರೆ ನಿಮ್ಮ ಬೀಗ, ಕೀ ಎಲ್ಲಾ ಸರಿ ಇದೆ, ಕೆಟ್ಟಿರೋದು ಡೆಸ್ಕ್‌ಟಾಪ್ ಮಾತ್ರ. ಡಿಎಫ್ ಸ್ಪೇಸ್ ಹೈಫನ್ ಎಚ್ ಅಂತ ಹೊಡೆದು ಜಾಗ ನೋಡಿ. ಡಿಸ್ಕ್ ನೂರಕ್ಕೆ ನೂರು ತುಂಬಿದ್ರೂ ಈ ಸುತ್ತಾಟ ಶುರುವಾಗತ್ತೆ, ಡೌನ್‌ಲೋಡ್ಸ್ ಫೋಲ್ಡರ್‌ನ ಹಳೇ ಸಿನಿಮಾ ಎರಡು ಅಳಿಸಿದ್ರೆ ಸಾಕು. ಇನ್ನೊಂದು ಕಾರಣ ಎಕ್ಸ್‌ಅಥಾರಿಟಿ (.Xauthority) ಅನ್ನೋ ಅಡಗಿದ ಫೈಲ್ ರೂಟ್ ಹೆಸರಿಗೆ ಹೋಗಿರೋದು, ಅದನ್ನ ಬೇರೆ ಹೆಸರಿಗೆ ರೀನೇಮ್ ಮಾಡಿ ಮತ್ತೆ ಲಾಗಿನ್ ಆಗಿ ನೋಡಿ.

ಆಗ್ಲಿಲ್ಲ ಅಂದ್ರೆ ಹೊರಗಿಂದ

ಬೇರೆ ಕಂಪ್ಯೂಟರಲ್ಲಿ ಉಬುಂಟು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೇನೇ ಉಬುಂಟು ಓಡಿಸೋ ಪೆನ್‌ಡ್ರೈವ್) ಮಾಡ್ಕೊಳ್ಳಿ, ಅದ್ರಿಂದ ಬೂಟ್ ಮಾಡಿ 'ಟ್ರೈ ಉಬುಂಟು' ಆರಿಸಿ. ಪಕ್ಕದಲ್ಲೇ ಇನ್‌ಸ್ಟಾಲ್ ಅಂತಾನೂ ಇರತ್ತೆ, ಕೈ ಆ ಕಡೆ ಹೋಗದಿರಲಿ. ಲಕ್ಸ್‌ನಲ್ಲಿ ಡಿಸ್ಕಿನ ಶುರುವಲ್ಲಿರೋ ಹೆಡರ್ ಮೇಲೆ ಬೇರೇನಾದ್ರೂ ಬರೆದುಹೋದ್ರೆ ಆಮೇಲೆ ಸರಿಯಾದ ಪಾಸ್‌ಫ್ರೇಸ್ ಗೊತ್ತಿದ್ರೂ ಉಪಯೋಗಕ್ಕೆ ಬರಲ್ಲ. ಲ್ಯಾಪ್‌ಟಾಪೇ ಆನ್ ಆಗ್ತಿಲ್ಲ ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಡಿಸ್ಕ್ ಹಾಕೋ ಯುಎಸ್‌ಬಿ ಕೇಸ್ ಸಿಗತ್ತೆ, ನಿಮ್ಮ ಡಿಸ್ಕ್ ಸಾಟಾನೋ ಎಂ.2ನೋ (ಡಿಸ್ಕ್ ಕನೆಕ್ಟರಿನ ಎರಡು ಥರ) ನೋಡ್ಕೊಂಡು ಹೋಗಿ. ಅಂಗಡೀಲಿ ಡಿಸ್ಕ್ ಕೊಟ್ಟು ಬರೋದಾದ್ರೆ 'ಫಾರ್ಮ್ಯಾಟ್ ಬೇಡ' ಅಂತ ಚೀಟಿ ಅಂಟಿಸಿ ಕೊಡಿ, ನಾನಂತೂ ಬಾಯಿಮಾತು ನಂಬಲ್ಲ.

ಲಕ್ಸ್ ಆದ್ರೆ ಲೈವ್ ಸೆಷನ್ನಿನ ಫೈಲ್ ಮ್ಯಾನೇಜರಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ, ಪಾಸ್‌ಫ್ರೇಸ್ ಕೊಡಿ, ಮುಗೀತು.

ಇ-ಕ್ರಿಪ್ಟ್-ಎಫ್‌ಎಸ್ ಆದ್ರೆ ಮೊದಲು ಫೈಲ್ ಮ್ಯಾನೇಜರಲ್ಲಿ ಹಳೇ ಡಿಸ್ಕ್ ತೆರೀರಿ, ಆಗ ಅದು ಮೌಂಟ್ ಆಗತ್ತೆ, ಅಂದ್ರೆ ಬಳಸೋಕೆ ಸಿಗತ್ತೆ. ಟರ್ಮಿನಲಲ್ಲಿ ಮೊದಲು ಸುಡೋ (sudo, ರೂಟ್ ಅಧಿಕಾರ ಕೊಡೋ ಪದ) ಹಾಕಿ ಇಕ್ರಿಪ್ಟ್‌ಎಫ್‌ಎಸ್-ರಿಕವರ್-ಪ್ರೈವೇಟ್ (ecryptfs-recover-private) ಅಂತ ಕೊಡಿ. ಕಮ್ಯಾಂಡ್ ಇಲ್ಲ ಅಂದ್ರೆ ನೆಟ್ ಕನೆಕ್ಟ್ ಮಾಡಿ ಇಕ್ರಿಪ್ಟ್‌ಎಫ್‌ಎಸ್-ಯುಟಿಲ್ಸ್ ಪ್ಯಾಕೇಜ್ ಹಾಕ್ಕೊಳ್ಳಿ. ಅದು ಡಿಸ್ಕೆಲ್ಲಾ ಜಾಲಾಡತ್ತೆ, ದೊಡ್ಡ ಡಿಸ್ಕಾದ್ರೆ ಒಂದು ಕಾಫಿ ಕುಡ್ಕೊಂಡು ಬರಬಹುದು. ಪ್ರೈವೇಟ್ ಫೋಲ್ಡರ್ ಸಿಕ್ಕಿದ ಮೇಲೆ ಇದನ್ನ ತೆಗೀಲಾ ಅನ್ನತ್ತೆ, ವೈ ಒತ್ತಿ. ಲಾಗಿನ್ ಪಾಸ್‌ವರ್ಡ್ ಗೊತ್ತಾ ಅನ್ನತ್ತೆ, ಗೊತ್ತಿದ್ರೆ ವೈ ಒತ್ತಿ ಅದನ್ನ ಕೊಡಿ (ರೀಸೆಟ್ ಮಾಡಿದ್ರೆ ಹಳೇದು), ಇಲ್ಲದಿದ್ರೆ ಎನ್ ಒತ್ತಿ ಆ 32 ಅಕ್ಷರದ ಸಾಲು ಕೊಡಿ. ಸಕ್ಸೆಸ್ ಅಂತ ಬಂದು ಟಿಎಂಪಿ (ತಾತ್ಕಾಲಿಕ ಫೈಲ್‌ಗಳ ಜಾಗ) ಒಳಗಿನ ಒಂದು ಫೋಲ್ಡರ್ ಹೆಸರು ತೋರಿಸತ್ತೆ. ಫೈಲೆಲ್ಲಾ ಅಲ್ಲಿರತ್ತೆ, ಓದೋಕೆ ಮಾತ್ರ, ಹಾಗಾಗಿ ಏನೂ ಹಾಳಾಗಲ್ಲ. ಪರ್ಮಿಷನ್ ಇಲ್ಲ ಅಂದ್ರೆ ಸುಡೋ ಹಾಕಿ ಕಾಪಿ ಮಾಡಿ.

ಪಾಸ್‌ವರ್ಡ್ ಸರಿ ಇದ್ರೂ ತಪ್ಪು ಅಂತಿದ್ಯಾ? ಲೈವ್ ಸೆಷನ್ನಲ್ಲಿ ಕೀಬೋರ್ಡ್ ಮಾಮೂಲಾಗಿ ಅಮೆರಿಕನ್ ಲೇಔಟ್ ಇರತ್ತೆ. ನಿಮ್ಮ ಪಾಸ್‌ವರ್ಡಲ್ಲಿ ₹ ಇದ್ದಿದ್ರೆ ಅದರಲ್ಲಿ ಬರೋದೇ ಇಲ್ಲ, ಸೆಟ್ಟಿಂಗ್ಸಲ್ಲಿ ಇಂಡಿಯಾ ಲೇಔಟ್ ಸೇರಿಸ್ಕೊಳ್ಳಿ.

ಆ 32 ಅಕ್ಷರ ಎಲ್ಲಿ ಹುಡುಕೋದು? ಮೊದಲ ಸಲ ಲಾಗಿನ್ ಆದಾಗ 'ಇದನ್ನ ಬರೆದಿಟ್ಕೊಳ್ಳಿ' ಅಂತ ಒಂದು ಕಿಟಕಿ ಬಂದಿರತ್ತೆ, ಅದನ್ನ ಓದದೇನೇ ಕ್ಲೋಸ್ ಮಾಡಿದೋರೇ ಜಾಸ್ತಿ ಅನ್ನೋದು ನನ್ನ ಗುಮಾನಿ. ಪಾಸ್‌ವರ್ಡೂ ಇಲ್ಲ, ಆ ಸಾಲೂ ಇಲ್ಲ ಅಂದ್ರೆ ಯಾವ ಡೇಟಾ ರಿಕವರಿ ಅಂಗಡಿಗೆ ದುಡ್ಡು ಸುರಿದ್ರೂ ಫೈಲ್ ಬರಲ್ಲ. ಈಗ ಕಂಪ್ಯೂಟರ್ ಸರಿ ಇರೋರು ಇಕ್ರಿಪ್ಟ್‌ಎಫ್‌ಎಸ್-ಅನ್‌ವ್ರ್ಯಾಪ್-ಪಾಸ್‌ಫ್ರೇಸ್ (ecryptfs-unwrap-passphrase) ಕಮ್ಯಾಂಡ್ ಕೊಟ್ಟು ಅದನ್ನ ಇವತ್ತೇ ಪೇಪರಲ್ಲಿ ಬರೆದು ಎಲ್‌ಐಸಿ ಬಾಂಡ್ ಜೊತೆ ಇಟ್ಬಿಡಿ.

ಕಾಪಿ ಮಾಡುವಾಗ ಎರಡು ವಿಷಯ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ತಗೊಳ್ಳಲ್ಲ, ಮದುವೆ ವಿಡಿಯೋ ಅಲ್ಲೇ ನಿಲ್ಲೋದು, ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ. ಇನ್ನೊಂದು, ಮುಂದೆ ಎಂದಾದ್ರೂ ಇ-ಕ್ರಿಪ್ಟ್-ಎಫ್‌ಎಸ್ ಫೋಲ್ಡರಿಗೇ ವಾಪಸ್ ಹಾಕೋದಾದ್ರೆ ಅಲ್ಲಿ ಫೈಲ್ ಹೆಸರಿಗೆ 143 ಬೈಟ್ ಮಿತಿ ಇದೆ. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, 'ಕ್ಷೇ' ಒಂದಕ್ಕೇ 12 ಆಗೋಗತ್ತೆ, ಉದ್ದುದ್ದ ಕನ್ನಡ ಹೆಸರಿದ್ರೆ ಕಾಪಿ ಆಗಲ್ಲ ಅನ್ನತ್ತೆ. ಹೆಸರು ಚಿಕ್ಕದು ಮಾಡಿ ಹಾಕಿ.